ಡಿಸ್ಕಿನೊಳಗೇ ಉಳಿದ ದನಿ

ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಗ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರು ಕೂರಲಿಕ್ಕೆ ಒಂದು ಬೆಂಚು. ಮದುವೆ ಕಾಗದ, ಅರ್ಜಿ, ಕರಪತ್ರ ಇವೇ ಕೆಲಸ. ಗಿರಣಿಗಳು ಓಡುವ ತಿಂಗಳುಗಳಲ್ಲಿ ಶೇಂಗಾ ಹಿಂಡಿಯ ವಾಸನೆ ಬಾಗಿಲು ಮುಚ್ಚಿದರೂ ಒಳಗೆ ಬಂದು ಕಾಗದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ಹೆಣ್ಣುಮಗಳು ಒಬ್ಬಳೇ ಕೂತು ಅಂಗಡಿ ನಡೆಸುವುದು ಆ ಓಣಿಗೆ ಹೊಸತು. ಮೊದಮೊದಲು ಜನ ಕೆಲಸ ಕೊಡುವುದಕ್ಕಿಂತ ಇಣುಕಿ ನೋಡಲಿಕ್ಕೇ ಬರುತ್ತಿದ್ದರು. ಹಾಗೆ ಇಣುಕದೆ ನೇರ ಒಳಗೆ ಬಂದು, ಬೆಂಚಿನ ಮೇಲೆ ಕೂತು, "ಇದನ್ನೊಂದ್ಸಲ ಓದವ್ವ, ಕೇಳ್ತೀನಿ" ಎಂದು ಕರಪತ್ರ ಕೈಗಿಟ್ಟವರು ಮೈಕಿನ ಚಾಚಾ.

ಅವರದು ಆಟೋ. ಅದರ ತಲೆಯ ಮೇಲೆ ಹಿಂದಕ್ಕೊಂದು ಮುಂದಕ್ಕೊಂದು ಮೈಕಿನ ಹಾರ್ನ್ ಕಟ್ಟಿಕೊಂಡು, ಸೀಟಿನ ಪಕ್ಕ ಬ್ಯಾಟರಿ ಇಟ್ಟುಕೊಂಡು ಊರೂರಿಗೆ ಸುದ್ದಿ ಸಾರುವುದು ಅವರ ಕಸುಬು. ಸಿನಿಮಾ, ಸೀರೆಗಳ ರಿಯಾಯಿತಿ ಮಾರಾಟ, ಕಣ್ಣಿನ ತಪಾಸಣೆ, ಪೋಲಿಯೊ ಹನಿ, ಕಾಣೆಯಾದ ಮುದುಕರು, ತೀರಿಹೋದ ದೊಡ್ಡ ಮನುಷ್ಯರು, ಎಲ್ಲವೂ ಅವರ ಬಾಯಿಂದಲೇ ಬರಬೇಕು. ಚಿಕ್ಕಂದಿನಲ್ಲಿ ಉರ್ದು ಶಾಲೆಗೆ ಸ್ವಲ್ಪ ದಿನ ಹೋಗಿದ್ದರಂತೆ, ಆ ಅಕ್ಷರಗಳೂ ಮರೆತಿದ್ದವು. ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಒಮ್ಮೆ ಓದಿದರೆ ಕಣ್ಣು ಮುಚ್ಚಿಕೊಂಡು ಕೇಳಿ, ಆಮೇಲೆ ಅದನ್ನು ಅವರ ಮಾತಿನಲ್ಲಿ ಮತ್ತೆ ಕಟ್ಟುತ್ತಿದ್ದರು. ಕರಪತ್ರದ ಒಣ ವಾಕ್ಯ ಅವರ ಬಾಯಿಗೆ ಹೋದರೆ ಮನೆಯವರೇ ಬಂದು ಕರೆದ ಹಾಗೆ ಆಗುತ್ತಿತ್ತು. ಊರೊಳಗಿನ ಓಣಿಗಳಲ್ಲಿ ಉರ್ದು, ನಾಯಕನಹಟ್ಟಿ ಕಡೆಗೆ ಕನ್ನಡ, ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರಿನ ಕಡೆ ಹೋದಂತೆ ತೆಲುಗು. ಯಾವುದರಲ್ಲೂ ಕಿರುಚುತ್ತಿರಲಿಲ್ಲ. ಸ್ವಲ್ಪ ದಪ್ಪನೆಯ, ನಿಧಾನದ ದನಿ. ನಮ್ಮವ್ವ ಆ ದನಿ ಕೇಳಿದರೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ತಡಿ, ಚಾಚಾ ಏನೋ ಹೇಳ್ತಾನೆ" ಎನ್ನುತ್ತಿದ್ದಳು. ಅವಳು ಅವರನ್ನು ಒಂದು ದಿನವೂ ಹತ್ತಿರದಿಂದ ನೋಡಿದವಳಲ್ಲ.

ಬಿಸಿಲಿನಲ್ಲಿ ಇಡೀ ದಿನ ಒಂದೇ ಮಾತು ಕೂಗಿ ಅವರ ಗಂಟಲು ಸೋಲುತ್ತಿತ್ತು. ಅದಕ್ಕೆ ನಾನೊಂದು ದಾರಿ ಹೇಳಿದೆ. ಕಂಪ್ಯೂಟರಿಗೆ ಮೈಕು ಹಾಕಿ ಒಮ್ಮೆ ಸರಿಯಾಗಿ ಹೇಳಿಸಿಕೊಂಡು, ಅದನ್ನೇ ಕ್ಯಾಸೆಟ್ಟಿಗೆ ಮತ್ತೆ ಮತ್ತೆ ತುಂಬಿಸಿ ಕೊಡುವುದು. ಆಟೋದ ಟೇಪಿನಲ್ಲಿ ಅದು ಹಾಡುತ್ತಾ ಹೋಗುತ್ತದೆ, ಅವರು ಸುಮ್ಮನೆ ಓಡಿಸಿದರೆ ಸಾಕು. ಮೊದಲು ಅವರಿಗೆ ಹಿಡಿಸಲಿಲ್ಲ. "ಜನರ ಮುಖ ನೋಡ್ದೆ ಹೆಂಗೆ ಮಾತಾಡ್ಲಿ?" ಎಂದರು. ಕೊನೆಗೆ ನನ್ನ ಮುಖವನ್ನೇ ನೋಡಿಕೊಂಡು ಮಾತಾಡಿದರು. ಕೆಲಸ ಮುಗಿದ ಕ್ಯಾಸೆಟ್ಟಿನ ಮೇಲೆಯೇ ಮುಂದಿನದನ್ನು ತುಂಬುತ್ತಿದ್ದೆವು. ಹಳೆಯ ಸುದ್ದಿಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಗಂಟಲು ಕ್ಯಾಸೆಟ್ಟಿನಿಂದಲೂ ಸುಧಾರಿಸಲಿಲ್ಲ. ದನಿ ಒಡೆಯತೊಡಗಿತು. ದಾವಣಗೆರೆಯ ವೈದ್ಯರು ಕ್ಯಾನ್ಸರ್ ಇರಬಹುದೆಂದು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿಂದ ಬಂದ ಮರುದಿನ ಚಾಚಾ ಹೆಂಡತಿಯನ್ನು ಕರೆದುಕೊಂಡು ಅಂಗಡಿಗೆ ಬಂದರು. ಚಾಚಿ ಅಲ್ಲಿಯವರೆಗೆ ನನ್ನ ಅಂಗಡಿಗೆ ಕಾಲಿಟ್ಟಿರಲಿಲ್ಲ. ಬುರ್ಖಾದ ಮುಸುಕು ಮೇಲೆತ್ತಿ ಬೆಂಚಿನ ತುದಿಯಲ್ಲಿ ಕೂತರು.

"ಒಳಗಿನ ದನಿ ಪೆಟ್ಟಿಗೇನೇ ತೆಗೀತಾರಂತೆ," ಎಂದರು ಚಾಚಾ, ಕುತ್ತಿಗೆ ಮುಟ್ಟಿ ತೋರಿಸುತ್ತಾ. "ತೆಗೀದಿದ್ರೆ ಜೀವಕ್ಕೇ ಬರುತ್ತಂತೆ. ತೆಗೆದ್ರೆ ಮಾತಿಲ್ಲ."

ಅವರು ಕಂಪ್ಯೂಟರಿನ ಕಡೆ ನೋಡಿದರು.

"ಒಂದು ಕೇಳ್ತೀನಿ. ನನ್ನ ಮಾತು ಎಲ್ಲಾ ಇದರಾಗೆ ತುಂಬಿಸಿ ಇಡಾಕೆ ಆಗ್ತದಾ? ಬಿಡಿ ಬಿಡಿಯಾಗಿ. ಊರ ಹೆಸರು ಬೇರೆ, ವಾರದ ಹೆಸರು ಬೇರೆ. ಆಮೇಲೆ ಯಾರಾದ್ರೂ ಕೆಲಸ ಕೊಟ್ರೆ ನೀನು ಜೋಡಿಸಿ ಕೊಡ್ತೀಯಾ?"

ಆಗುತ್ತದೆ ಎಂದೆ. ಆ ಯೋಚನೆ ಪೂರ್ತಿ ಅವರದು. ನನಗೆ ಗೊತ್ತಿದ್ದದ್ದು ಧ್ವನಿಯನ್ನು ಕತ್ತರಿಸಿ ಅಂಟಿಸುವುದು ಮಾತ್ರ.

ಆಪರೇಷನ್ನಿಗೆ ಮೊದಲು ಸಿಕ್ಕ ಬೆಳಿಗ್ಗೆಗಳಲ್ಲೆಲ್ಲ, ಓಣಿಯಲ್ಲಿ ಗಾಡಿಗಳ ಸದ್ದು ಹತ್ತುವ ಮೊದಲು ಅಂಗಡಿಯ ಶಟರ್ ಅರ್ಧ ಇಳಿಸಿ ಕೂರುತ್ತಿದ್ದೆವು. ಚಾಚಿ ಥರ್ಮಾಸಿನಲ್ಲಿ ಬಿಸಿ ಹಾಲು ತರುತ್ತಿದ್ದರು. ಏನೇನು ಬೇಕು ಎಂದು ಚಾಚಾ ರಾತ್ರಿಯೆಲ್ಲ ಯೋಚಿಸಿಕೊಂಡು ಬರುತ್ತಿದ್ದರೆಂದು ಕಾಣುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಹಳ್ಳಿಗಳ ಹೆಸರು, ವಾರಗಳು, ಅಂಕಿಗಳು, 'ಬೆಳಿಗ್ಗೆ', 'ಸಂಜೆ', 'ಸಾರ್ವಜನಿಕರ ಗಮನಕ್ಕೆ', 'ಮರೆಯದಿರಿ', 'ಕಾಣೆಯಾಗಿದ್ದಾರೆ'. 'ನಿಧನರಾಗಿದ್ದಾರೆ' ಎಂಬುದನ್ನು ಹೇಳುವಾಗ ದನಿ ಇಳಿಸಿ ಹೇಳಿದರು. ಸಿನಿಮಾಕ್ಕೆ 'ಇಂದೇ ಕೊನೆಯ ದಿನ' ಎಂಬುದನ್ನು ಎತ್ತಿ ಹೇಳಿದರು. ಒಂದೊಂದು ಮಾತಿನ ನಡುವೆ ಕೆಮ್ಮು. ಚೆನ್ನಾಗಿ ಬಾರದಿದ್ದರೆ ತಲೆಯಾಡಿಸಿ, "ಅಳಿಸವ್ವ, ಇನ್ನೊಂದ್ಸಲ" ಎನ್ನುವರು.

ಕೊನೆಯ ಬೆಳಿಗ್ಗೆ ಚಾಚಿ ಉರ್ದುವಿನಲ್ಲಿ ಏನೋ ಕೇಳಿದರು. ಚಾಚಾ ನಾಚಿಕೊಂಡರು. ಚಾಚಿ ನನಗೆ ಕನ್ನಡದಲ್ಲಿ ಹೇಳಿದರು, "ಸಂಜೆ ಬಂದು ಆಟೋ ನಿಲ್ಸಿ ಬಾಗಿಲಾಗೆ ನನ್ನ ಕರೀತಾರಲ್ಲ, ಹಂಗೆ ಒಂದ್ಸಲ ಕರೀರಿ ಅಂದೆ."

ಚಾಚಾ ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿಕೊಂಡು ಕರೆದರು. "ಅಜೀ, ಸುನ್ತೀ ಕ್ಯಾ?" ಅಂದರೆ 'ಏನೇ, ಕೇಳ್ತಾ' ಎಂಬಷ್ಟೇ ಮಾತು. ಅದನ್ನೂ ತುಂಬಿಸಿಕೊಂಡೆ.

ಆಪರೇಷನ್ ಆಗಿ ಬಂದ ಮೇಲೆ ಅವರ ಕುತ್ತಿಗೆಯ ಬುಡದಲ್ಲಿ ಒಂದು ತೂತು. ಉಸಿರಾಟವೆಲ್ಲ ಅದರಿಂದಲೇ. ಧೂಳು ಹೋಗದಂತೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ತುಟಿ ಆಡಿಸುತ್ತಿದ್ದರು, ಸದ್ದಿರುತ್ತಿರಲಿಲ್ಲ. ಆ ತುಟಿಯನ್ನು ಓದಲು ಚಾಚಿಗೆ ಮಾತ್ರ ಬರುತ್ತಿತ್ತು, ಅದಕ್ಕಾಗಿ ಅವರೂ ಆಟೋದಲ್ಲಿ ಜೊತೆಗೆ ಬರತೊಡಗಿದರು. ಆಸ್ಪತ್ರೆಯವರು ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಸಾಧನ ತೋರಿಸಿದ್ದರಂತೆ. ಅದರಿಂದ ಬಂದ ದನಿ ಕೇಳಿ ಚಾಚಿಯೇ ಬೇಡ ಎಂದರಂತೆ. "ಹಿಟ್ಟಿನ ಗಿರಣಿ ಮಾತಾಡ್ದಂಗೆ ಇತ್ತವ್ವ," ಎಂದರು ನನಗೆ.

ಮೊದಲು ಜೋಡಿಸಿದ್ದು ಪೋಲಿಯೊ ಹನಿಯ ಸುದ್ದಿ. ಒಂದೇ ವಾಕ್ಯ ಕಟ್ಟಲು ಮಧ್ಯಾಹ್ನವೆಲ್ಲ ಹಿಡಿಯಿತು. 'ಭಾನುವಾರ' ಎಂದದ್ದು ಗಂಟಲು ಚೆನ್ನಾಗಿದ್ದ ದಿನ, 'ಬೆಳಿಗ್ಗೆ' ಎಂದದ್ದು ಒಡೆದ ದಿನ. ಅಂಗಡಿಯಲ್ಲಿ ಕೇಳಿದರೆ ಹೊಲಿಗೆ ಕಾಣುತ್ತಿತ್ತು. ಹಾರ್ನಿನಿಂದ ಬಯಲಿಗೆ ಹೋದರೆ ಯಾರಿಗೂ ಗೊತ್ತಾಗಲಿಲ್ಲ. ಒಂದು ಗೊಲ್ಲರಹಟ್ಟಿಯಲ್ಲಿ ಮುದುಕಿಯೊಬ್ಬಳು ಆಟೋ ಅಡ್ಡಗಟ್ಟಿ, "ಯಾವ ವಾರ ಅಂದ್ಯಪ್ಪಾ?" ಎಂದು ಕೇಳಿದಳಂತೆ. ಚಾಚಾ ಕುತ್ತಿಗೆ ತೋರಿಸಿದರು. "ಇಷ್ಟೊತ್ತು ಊರಿಗೆಲ್ಲ ಕೂಗಿ, ನನ್ನ ಹತ್ರ ಮಾತಾಡಾಕೆ ಬರಲ್ವಾ ನಿಂಗೆ?" ಎಂದು ಆಕೆ ಸಿಟ್ಟಾದಳಂತೆ. ಚಾಚಿ ಇದನ್ನು ಹೇಳುವಾಗ ಚಾಚಾ ನಗುತ್ತಿದ್ದರು. ಆ ನಗುವಿಗೂ ಸದ್ದಿರಲಿಲ್ಲ, ಕುತ್ತಿಗೆಯ ಬಟ್ಟೆ ಮಾತ್ರ ಹಾರುತ್ತಿತ್ತು.

ಹೀಗೆ ಆ ಮಳೆಗಾಲ ಕಳೆಯಿತು, ಚಳಿಗಾಲ ಬಂತು. ಕೆಲಸ ಮೊದಲಿನಷ್ಟೇ ಬರುತ್ತಿತ್ತು. ನಮಗೆ ಬೇಕಾದ ಒಂದೆರಡು ಮಾತುಗಳನ್ನು ಅವರು ಹೇಳಿರಲೇ ಇಲ್ಲ ಎಂದು ಗೊತ್ತಾದಾಗ ಬೇರೆ ಮಾತು ಹುಡುಕಿಕೊಳ್ಳುತ್ತಿದ್ದೆವು. ಮಾತುಗಳ ಇನ್ನೊಂದು ಪ್ರತಿಯನ್ನು ಸಿಡಿಗೆ ತುಂಬಿಸಿಡುವ ಯಂತ್ರ ನನ್ನಲ್ಲಿರಲಿಲ್ಲ. ಚಿತ್ರದುರ್ಗದಲ್ಲಿ ಒಂದಿದೆ, ಕಂಪ್ಯೂಟರಿನ ಡಬ್ಬವನ್ನೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಕು, ಯುಗಾದಿ ಕಳೆದ ಮೇಲೆ ಹೋಗೋಣ ಎಂದು ಚಾಚಿಯೂ ನಾನೂ ಮಾತಾಡಿಕೊಂಡಿದ್ದೆವು.

ಬೇಸಿಗೆ ಶುರುವಾಗಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬಂದಾಗ ಟ್ಯೂಬ್‌ಲೈಟು ಹಿಂದೆಂದೂ ಇಲ್ಲದ ಬೆಳಕು ಕೊಟ್ಟು ಸಿಡಿಯಿತು, ಫ್ಯಾನು ಹುಚ್ಚು ಹಿಡಿದ ಹಾಗೆ ತಿರುಗಿತು, ಯುಪಿಎಸ್ ಒಮ್ಮೆ ಕೂಗಿ ಸುಮ್ಮನಾಯಿತು. ಪಕ್ಕದ ಟೈಲರ್ ಅಂಗಡಿಯಿಂದ, "ಸ್ವಿಚ್ ತೆಗೀರೀ, ಸ್ವಿಚ್ ತೆಗೀರೀ" ಎಂದು ಕೂಗಿದರು. ತೆಗೆದೆ. ಅಷ್ಟರೊಳಗೆ ಸುಟ್ಟ ವಾಸನೆ ಬಂದಿತ್ತು.

ಸಂಜೆ ಕರೆಂಟು ಸರಿಯಾದ ಮೇಲೆ ಕಂಪ್ಯೂಟರ್ ಹಚ್ಚಿದೆ. ಪರದೆ ಬೆಳಗಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಡಿಸ್ಕ್ ಕಾಣುತ್ತಿಲ್ಲ ಎಂದು ಬಂತು. ಡಬ್ಬ ಬಿಚ್ಚಿ ಕಿವಿಯಿಟ್ಟೆ. ಹಾರ್ಡ್ ಡಿಸ್ಕ್ ತಿರುಗುವಾಗ ಒಂದು ಸಣ್ಣ ಗುಂಯ್ ಸದ್ದು ಇರುತ್ತದೆ, ದಿನವೂ ಕೇಳಿ ಅಭ್ಯಾಸವಾಗಿದ್ದರಿಂದ ಅದು ಇದೆ ಎಂಬುದೇ ಮರೆತಿರುತ್ತದೆ. ಅದಿರಲಿಲ್ಲ.

ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಅಗಲ ಪಟ್ಟಿಯ ತಂತಿಯನ್ನು ಕಿತ್ತು ಬೇರೆಯದು ಹಾಕಿದೆ. ಕರೆಂಟಿನ ಪಿನ್ನು ಬದಲಿಸಿದೆ. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹತ್ತಿರದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋಗಿ, ಅಲ್ಲಿಯ ಯಂತ್ರಕ್ಕೆ ಎರಡನೆಯ ಡಿಸ್ಕಾಗಿ ಜೋಡಿಸಿ ನೋಡಿದೆ. ಅಲ್ಲಿಯೂ ಕಾಣಲಿಲ್ಲ. ಮಾರನೆಯ ದಿನ, ನನಗೆ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ಚಿತ್ರದುರ್ಗದ ಮೆಕ್ಯಾನಿಕ್ ಬಂದರು. ಡಿಸ್ಕನ್ನು ಬೋರಲು ಹಾಕಿ, ಅದರ ಹೊಟ್ಟೆಗೆ ಅಂಟಿದ ಹಸಿರು ಬೋರ್ಡಿನ ಮೇಲೆ ಬೆರಳಿಟ್ಟು ತೋರಿಸಿದರು. ಒಂದು ಕಡೆ ಕಪ್ಪಗೆ ಉಬ್ಬಿತ್ತು.

"ಬೋರ್ಡು ಸುಟ್ಟೈತೆ ಮೇಡಂ. ಮೋಟರಿಗೆ ಕರೆಂಟೇ ಹೋಗ್ತಿಲ್ಲ. ದನಿ ಇರೋ ಒಳಗಿನ ತಟ್ಟೆ ಚೆನ್ನಾಗಿದ್ರೂ ಇರಬಹುದು."

"ಏನು ಮಾಡಬಹುದು?"

"ಇದೇ ಕಂಪನಿ, ಇದೇ ನಮೂನೆ, ಇದೇ ತಿಂಗಳು ತಯಾರಾದ ಇನ್ನೊಂದು ಡಿಸ್ಕ್ ಬೇಕು. ಅದರ ಬೋರ್ಡ್ ಬಿಚ್ಚಿ ಇದಕ್ಕೆ ಹಾಕ್ಬೇಕು. ತಿರುಗಿದ್ರೆ ತಿರುಗ್ತು." ಸ್ವಲ್ಪ ಯೋಚಿಸಿ ಹೇಳಿದರು, "ನಿಮ್ಮದು ತಂದ ದಿನಾನೇ ಇನ್ನೊಂದು ತಂದಿದ್ದೆ. ಮೊಳಕಾಲ್ಮೂರಿಗೆ ಕೊಟ್ಟೆ. ಸೀರೆ ಡಿಸೈನ್ ಮಾಡೋರಿಗೆ."

ಚಾಚಾನಿಗೆ ಹೇಳಬೇಕಿತ್ತು. ಸುದ್ದಿ ಕಳಿಸಿದ್ದಕ್ಕೆ ಇಬ್ಬರೂ ಬಂದರು. ಡಿಸ್ಕನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಮೊದಲ ಸಲ ನೋಡುತ್ತಿದ್ದರು. ಅಂಗೈ ಅಗಲದ ಕಬ್ಬಿಣ. ತೂಕ ನೋಡುವ ಹಾಗೆ ಒಮ್ಮೆ ಎತ್ತಿ ಇಳಿಸಿ ತುಟಿ ಆಡಿಸಿದರು.

"ಇದ್ರೊಳಗೇನಾ ಅಂತ ಕೇಳ್ತಾರೆ," ಎಂದರು ಚಾಚಿ.

ಹೌದು ಎಂದೆ. ಚಾಚಾ ಬಹಳ ಹೊತ್ತು ಅದನ್ನು ಕೆಳಗಿಡಲಿಲ್ಲ.

ಮೊಳಕಾಲ್ಮೂರಿಗೆ ಅವರ ಆಟೋದಲ್ಲಿಯೇ ಹೊರಟೆವು. ಮೆಕ್ಯಾನಿಕ್ ಬಸ್ಸಿನಲ್ಲಿ ಬರುವುದಾಗಿ ಹೇಳಿದ್ದರು. ಡಿಸ್ಕ್ ನನ್ನ ಮಡಿಲಿನಲ್ಲಿ, ಹಳೆಯ ಸ್ವೆಟರಿನ ಒಳಗೆ. ಆಟೋ ಗುಂಡಿಗಿಳಿದಾಗಲೆಲ್ಲ ಚಾಚಿ ನನ್ನ ಕೈಯ ಕೆಳಗೆ ತಮ್ಮ ಕೈ ಕೊಡುತ್ತಿದ್ದರು. ಹಾರ್ನುಗಳನ್ನು ಬಿಚ್ಚಿಡಲು ಯಾರಿಗೂ ಹೊಳೆದಿರಲಿಲ್ಲ. ಹಾಗಾಗಿ ದಾರಿಯ ಪ್ರತಿ ಊರಿನಲ್ಲೂ ಜನ ಎದ್ದು ನಿಂತು ನೋಡುತ್ತಿದ್ದರು. ಬಿ.ಜಿ. ಕೆರೆಯಲ್ಲಿ ಕರಪತ್ರ ಎಸೆಯುತ್ತಾರೆಂದು ಮಕ್ಕಳು ಆಟೋದ ಹಿಂದೆ ಓಡಿಬಂದವು. ಚಹಾ ಅಂಗಡಿಯ ಮುಂದೆ ನಿಲ್ಲಿಸಿದಾಗ ಒಬ್ಬರು ಬಂದು ಕೇಳಿದರು.

"ಏನ್ ಚಾಚಾ, ಸುಮ್ನೆ ಹೊಂಟೀಯಾ? ಏನೂ ಸುದ್ದಿ ಇಲ್ವಾ?"

ಚಾಚಾ ಇಲ್ಲವೆಂದು ಕೈಯಾಡಿಸಿದರು. ಆ ಮನುಷ್ಯನಿಗೆ ಚಾಚಾನ ಗಂಟಲಿನ ವಿಷಯ ಗೊತ್ತೇ ಇರಲಿಲ್ಲ. ಅವರೇನೋ ದೊಡ್ಡ ಯೋಚನೆಯಲ್ಲಿದ್ದಾರೆ ಎಂದುಕೊಂಡು ಹೋದರು. ಚಾಚಿ ಮುಸುಕನ್ನು ಇಳಿಸಿಕೊಂಡರು.

ಡಿಸೈನ್ ಮಾಡುವವರ ಮನೆ ನೇಕಾರರ ಬೀದಿಯಲ್ಲಿತ್ತು. ನಲವತ್ತರ ಆಸುಪಾಸಿನವರು, ಮನೆಮಾತು ತೆಲುಗು. ಸೀರೆಯ ಅಂಚಿಗೆ, ಸೆರಗಿಗೆ ಬೇಕಾದ ಹೂ ಬಳ್ಳಿಗಳನ್ನು ಚೌಕದ ಕಾಗದದ ಮೇಲೆ ಬಿಡಿಸುತ್ತಿದ್ದವರು ಈಗ ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದರು. ಅವರ ಡಿಸ್ಕಿನೊಳಗೆ ಅವರ ದುಡಿಮೆಯೆಲ್ಲ ಇತ್ತು. ಅದರ ಬೋರ್ಡ್ ಬಿಚ್ಚಿ ಕೊಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮೆಕ್ಯಾನಿಕ್ಕೇ ಮೈಕಿನ ಆಟೋದ ವಿಷಯ ಹೇಳಿ ಕೇಳಿದರು. ಡಿಸೈನ್ ಮಾಡುವವರು ಚಾಚಾನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಆ ದನಿ ಇವ್ರದ್ದಾ?"

"ಹೌದ್ರಿ," ಎಂದರು ಚಾಚಿ.

"ನಾನು ಸ್ಕೂಲಿಗೆ ಹೋಗುವಾಗಿಂದ ಕೇಳ್ತಿದ್ದೀನಿ. ಮೊನ್ನೆ ಸಂಕ್ರಾಂತಿಗೂ ಕೇಳ್ದೆ." ಅವರು ಎದ್ದು ತಮ್ಮ ಕಂಪ್ಯೂಟರಿನ ತಂತಿ ಕಿತ್ತರು. "ಇವತ್ತೊಂದು ದಿನ ತಗೊಳ್ಳಿ. ಸಂಜೆಗೆ ನಂದು ನನಗೆ ಹಾಕಿಕೊಡಿ. ಮೀದಿ, ನಾದಿ ಒಕಟೇ ಮಾಲು ಕದಾ, ಎರಡೂ ಒಂದೇ ಮಾಲು, ನೋಡೋಣ."

ಒಳಮನೆಯಿಂದ ಅವರ ಹೆಂಡತಿ ತೆಲುಗಿನಲ್ಲಿ ಏನೋ ಅಂದರು. ಗಾಬರಿಯ ಮಾತು ಎಂದು ತಿಳಿಯುತ್ತಿತ್ತು. ಇವರು ತಮ್ಮ ಡಬ್ಬದ ಮುಚ್ಚಳ ಬಿಚ್ಚತೊಡಗಿದರು.

ಮೆಕ್ಯಾನಿಕ್ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ ಕೂತರು. ನಕ್ಷತ್ರದ ತಲೆಯ ಸಣ್ಣ ಸ್ಕ್ರೂಗಳು. ಒಂದೊಂದನ್ನೂ ತೆಗೆದು ಬಟ್ಟಲಿಗೆ ಹಾಕುತ್ತಿದ್ದರು. ಸುಟ್ಟ ಬೋರ್ಡ್ ಇತ್ತ, ಒಳ್ಳೆಯ ಬೋರ್ಡ್ ಅತ್ತ. ಆಚೆ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಬೋರ್ಡ್ ಬಿಗಿದು, ತಾವು ತಂದಿದ್ದ ಇನ್ನೊಂದು ಡಿಸ್ಕಿನ ಜೊತೆ ಅದನ್ನು ಆ ಮನೆಯ ಕಂಪ್ಯೂಟರಿಗೆ ಜೋಡಿಸಿ, ಎಲ್ಲರ ಮುಖ ನೋಡಿ ಸ್ವಿಚ್ ಹಾಕಿದರು.

ಗುಂಯ್ ಎಂದಿತು.

ಆ ಸದ್ದು ಕೇಳಿದಾಗ ಏನಾಯಿತೆಂದು ಈಗ ಬರೆಯುವುದು ಕಷ್ಟ. ಚಾಚಿ ನನ್ನ ಭುಜ ಹಿಡಿದುಕೊಂಡರು. ಪರದೆಯ ಮೇಲೆ ಡಿಸ್ಕಿನ ಹೆಸರು ಬಂತು. ಒಳಹೊಕ್ಕೆ. ನಾನು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟಿದ್ದ ಫೈಲುಗಳೆಲ್ಲ ಸಾಲಾಗಿ ಬಂದು ನಿಂತವು. ಊರುಗಳು, ವಾರಗಳು, ಅಂಕಿಗಳು. ನಾನು ಒಂದೊಂದನ್ನೇ ಜೋರಾಗಿ ಓದುತ್ತಾ ಹೋದೆ. ಚಾಚಾ ಪರದೆಗೆ ತೀರ ಹತ್ತಿರ ಬಗ್ಗಿದ್ದರು. ಅವರ ಕುತ್ತಿಗೆಯ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಎಲ್ಲವೂ ಇವೆ ಎಂದುಕೊಂಡೆವು. ಆ ಸ್ವಲ್ಪ ಹೊತ್ತು ನಿಜವಾಗಿಯೂ ಹಾಗೆಯೇ ನಂಬಿದ್ದೆವು.

"ಎಲ್ಲಾ ಒಟ್ಟಿಗೆ ಎಳೀಬೇಡಿ ಮೇಡಂ, ಒಂದೊಂದೇ ಎಳೀರಿ," ಎಂದರು ಮೆಕ್ಯಾನಿಕ್.

"ನನ್ನ ಕರೆದದ್ದು ಮೊದಲು ತಗೀತೀಯಾ ಅವ್ವಾ?" ಎಂದರು ಚಾಚಿ.

ಅದನ್ನೇ ಮೊದಲು ಫ್ಲಾಪಿಗೆ ಎಳೆದೆ. ನಕಲಾಗುವ ನೀಲಿ ಪಟ್ಟಿ ಬಂತು, ಅರ್ಧಕ್ಕೆ ನಿಂತಿತು. ಬಹಳ ಹೊತ್ತು ಕಾದ ಮೇಲೆ ಓದಲಾಗುತ್ತಿಲ್ಲ ಎಂದಿತು. ಇನ್ನೊಮ್ಮೆ ಪ್ರಯತ್ನಿಸಿದೆ. ಅಲ್ಲಿಯೇ ನಿಂತಿತು. ಅದನ್ನು ಬಿಟ್ಟು ಬೇರೆಯದನ್ನು ಎಳೆದೆ. ಒಂದು ಬಂತು. ಮುಂದಿನದು ಬರಲಿಲ್ಲ. ಇನ್ನೊಂದು ಬಂತು. ಮೂರನೆಯದು ಬರುವಾಗ ಡಿಸ್ಕಿನೊಳಗೆ ಟಕ್ ಎಂದಿತು. ಉಗುರಿನಿಂದ ತಟ್ಟೆ ಬಡಿದ ಹಾಗೆ. ಆಮೇಲೆ ನಿಂತು ನಿಂತು ಟಕ್, ಟಕ್. ಮೆಕ್ಯಾನಿಕ್ ಕೈಚಾಚಿ ಸ್ವಿಚ್ ತೆಗೆದರು.

"ಏನಾಯ್ತು?"

ಅವರು ಡಿಸ್ಕಿನ ಮೇಲೆ ಬೆರಳಿಟ್ಟು ನೋಡಿದರು. "ಓದೋ ಮುಳ್ಳಿಗೂ ಪೆಟ್ಟು ಬಿದ್ದೈತೆ. ಆವತ್ತೇ ಬಿದ್ದಿರಬೇಕು."

ಬಿಡಲಿಲ್ಲ ನಾವು. ಆರಲು ಬಿಟ್ಟು ಮತ್ತೆ ಹಾಕಿದೆವು. ಮಗುಚಿ ಹಾಕಿದೆವು. ಅಡ್ಡ ನಿಲ್ಲಿಸಿ ಹಾಕಿದೆವು. ಒಮ್ಮೊಮ್ಮೆ ಹೀಗೆ ಬದುಕುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದರಿಂದ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀದಿಯ ಕೊನೆಯ ಸೋಡಾ ಅಂಗಡಿಯ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ತಂದು ಹಾಕಿದೆವು. ಸೋಡಾ ಅಂಗಡಿಯವರು ಇದೇನು ಔಷಧವಾ ಎಂದು ಕೇಳಿದರು. ಪ್ರತಿ ಸಲವೂ ಗುಂಯ್ ಎನ್ನುತ್ತಿತ್ತು, ನಮಗೆ ಆಸೆ ಹುಟ್ಟುತ್ತಿತ್ತು, ಆಮೇಲೆ ಟಕ್ ಎನ್ನುತ್ತಿತ್ತು. ಡಿಸ್ಕಿನ ಹೆಸರೂ ಮತ್ತೆ ಬರಲಿಲ್ಲ. ಕೊನೆಗೆ ಚಾಚಾ ಮುಂದೆ ಬಂದು ಮೆಕ್ಯಾನಿಕ್ಕಿನ ಕೈಯ ಮೇಲೆ ತಮ್ಮ ಕೈ ಇಟ್ಟರು.

"ಸಾಕು ಅಂತಾರೆ," ಎಂದರು ಚಾಚಿ. "ಇವ್ರ ಬೋರ್ಡ್ ಇವ್ರಿಗೆ ಹಾಕಿ ಕೊಡಿ ಅಂತಾರೆ. ಅವ್ರದ್ದೂ ಹೋದ್ರೆ ಕಷ್ಟ ಅಂತಾರೆ."

ಬೋರ್ಡನ್ನು ಮೊದಲಿನ ಜಾಗಕ್ಕೆ ಹಾಕಿ, ಆ ಮನೆಯ ಕಂಪ್ಯೂಟರ್ ಹತ್ತಿಕೊಂಡು ಹೂ ಬಳ್ಳಿಗಳೆಲ್ಲ ಇವೆ ಎಂದು ಖಾತ್ರಿಯಾಗುವವರೆಗೆ ಎಲ್ಲರೂ ಕಾದೆವು. ಆಮೇಲೆ ನಾನು ಬಂದ ಫೈಲುಗಳನ್ನು ಹಾಕಿದೆ. ಒಂದರಲ್ಲಿ 'ಮಂಗಳವಾರ' ಎಂದಿತ್ತು. ಇನ್ನೊಂದರಲ್ಲಿ 'ದಯವಿಟ್ಟು'. ಮೂರನೆಯದರಲ್ಲಿ 'ನಾಯಕನ' ಎಂದು ಶುರುವಾಗಿ ಕಡಿದುಹೋಗಿತ್ತು. ಅಷ್ಟೇ ಉಳಿದಿತ್ತು. ಡಿಸೈನ್ ಮಾಡುವವರ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದರು. ಚಾಚಾ ಕಣ್ಣು ಮುಚ್ಚಿಕೊಂಡು ಕೇಳಿದರು, ಹಿಂದೆ ನನ್ನ ಓದು ಕೇಳುತ್ತಿದ್ದ ಹಾಗೆ.

"ಇನ್ನೊಂದ್ಸಲ ಹಾಕವ್ವ," ಎಂದರು ಚಾಚಿ.

ಹಾಕಿದೆ. ಚಾಚಾ ಎದ್ದು ಹೊರಗೆ ಹೋಗಿ ಆಟೋದಲ್ಲಿ ಕೂತರು.

ಬೆಂಗಳೂರಿನ ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋಗುವಾಗ ಚಾಚಾ, ಚಾಚಿ ಡಿಸ್ಕನ್ನೂ ತೆಗೆದುಕೊಂಡು ಹೋದರು. ಇಂಥದ್ದನ್ನೇ ನೋಡುವ ಅಂಗಡಿಯೊಂದರ ವಿಳಾಸವನ್ನು ಮೆಕ್ಯಾನಿಕ್ ಬರೆದುಕೊಟ್ಟಿದ್ದರು. ಅಲ್ಲಿಯವರು ಗಾಜಿನ ಕೋಣೆಯಲ್ಲಿ ಅದನ್ನು ಬಿಚ್ಚಿ ನೋಡಿ, ಒಳಗಿನ ತಟ್ಟೆಯ ಮೇಲ್ಮೈ ಕೆರೆದುಹೋಗಿದೆ, ಇದರಿಂದ ಏನೂ ಬರುವುದಿಲ್ಲ ಎಂದರಂತೆ. ಚಾಚಿ ಬಂದು ಹೇಳಿದರು.

"ಕನ್ನಡಿ ಹಂಗೆ ಹೊಳೀತಿತ್ತವ್ವ. ನಡುವೆ ಒಂದು ಗೀರು, ದುಂಡಗೆ. ಅಷ್ಟೇ. ಅಷ್ಟಕ್ಕೇ ಎಲ್ಲಾ ಹೋಯ್ತಂತೆ."

ಅವರ ಮನೆಯ ಕ್ಯಾಸೆಟ್ಟುಗಳನ್ನೆಲ್ಲ ತರಿಸಿ ಹಾಕಿ ನೋಡಿದೆ. ಒಂದರ ಮೇಲೊಂದು ತುಂಬಿದವುಗಳಲ್ಲಿ ಕೊನೆಗೆ ಉಳಿದದ್ದು ಮುಗಿದುಹೋದ ಒಂದು ಸೀರೆ ಮಾರಾಟದ ಸುದ್ದಿ. ಅದರಿಂದ ಮಾತು ಬಿಡಿಸಿಕೊಳ್ಳೋಣವೆಂದರೆ ಆಟೋದ ಬಿಸಿಲಿಗೆ ಟೇಪು ಸೊಟ್ಟಗಾಗಿ ದನಿ ಅಲೆಯುತ್ತಿತ್ತು. ಮನೆಯಲ್ಲಿ ಕೇಳಲಿಕ್ಕಾದರೂ ಇಟ್ಟುಕೊಳ್ಳಿ ಎಂದು ಚಾಚಿಗೆ ಕೊಟ್ಟೆ.

"ಸೀರೆ ಮಾರೋದು ಕೇಳಿಕೊಂಡು ಏನ್ ಮಾಡ್ಲಿ?" ಎಂದರು. ಆದರೂ ತೆಗೆದುಕೊಂಡು ಹೋದರು.

ಕೆಲವು ದಿನ ನನ್ನ ದನಿಯಲ್ಲಿಯೇ ತುಂಬಿಸಿ ಕೊಟ್ಟೆ. ಚಾಚಾ ಎದುರಿಗೆ ಕೂತು ಕೈಯಿಂದ ಎಲ್ಲಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೋರಿಸುತ್ತಿದ್ದರು. ಅವರು ಎಷ್ಟು ತಾಳ್ಮೆಯಿಂದ ತೋರಿಸಿದರೂ ನನ್ನದು ಪಾಠ ಒಪ್ಪಿಸಿದ ಹಾಗೆಯೇ ಕೇಳುತ್ತಿತ್ತು. ಹಳ್ಳಿಗಳಲ್ಲಿ ಅದೇ ಆಟೋ, ಅದೇ ಹಾರ್ನು, ಒಳಗಿನಿಂದ ಹೆಣ್ಣಿನ ದನಿ. ಜನ ಕೇಳುವುದಕ್ಕಿಂತ ನಗುವುದೇ ಹೆಚ್ಚಾಯಿತು ಎಂದು ಚಾಚಿ ಸಂಕೋಚಪಟ್ಟುಕೊಂಡು ಹೇಳಿದರು. ಅಷ್ಟರಲ್ಲಿ ಊರಿಗೆ ಕೇಬಲ್ಲಿನ ಜಾಹೀರಾತು ಬಂತು. ಚಿತ್ರದುರ್ಗದ ಕಡೆಯಿಂದ ಹೊಸಬರು ಜೀಪಿಗೆ ಮೈಕು ಕಟ್ಟಿಕೊಂಡು ಬಂದರು. ಒಂದು ದಿನ ನೋಡಿದರೆ ಚಾಚಾನ ಆಟೋದ ಮೇಲೆ ಹಾರ್ನುಗಳಿರಲಿಲ್ಲ. ಅವನ್ನು ಕಟ್ಟಿದ್ದ ಕಬ್ಬಿಣದ ಪಟ್ಟಿ ಮಾತ್ರ ಇತ್ತು.

ಆಮೇಲೆ ಅವರು ನಾಯಕನಹಟ್ಟಿ ರಸ್ತೆಗೆ ಜನರನ್ನು ಕೂರಿಸಿಕೊಂಡು ಓಡಿಸತೊಡಗಿದರು. ಆಟೋ ನಿಲ್ದಾಣ ನನ್ನ ಅಂಗಡಿಯಿಂದ ಕಾಣುತ್ತಿತ್ತು. ಅಲ್ಲಿಯ ಪದ್ಧತಿ ಕೂಗುವುದು. ಬಸ್ಸಿನಿಂದ ಇಳಿದವರನ್ನು ನೋಡಿದ ಕೂಡಲೇ ಒಬ್ಬೊಬ್ಬ ಚಾಲಕನೂ, "ಹಟ್ಟಿ, ಹಟ್ಟಿ, ಹಟ್ಟಿ" ಎಂದು ಕೂಗಿ ಕರೆಯಬೇಕು. ಕೂಗಿದವನ ಗಾಡಿ ತುಂಬುತ್ತದೆ. ಚಾಚಾ ಗಾಡಿಯ ಪಕ್ಕ ನಿಂತು ಕೈಯೆತ್ತಿ ಆಡಿಸುತ್ತಿದ್ದರು. ಬ್ಯಾಗು ಹೊತ್ತು ತಲೆತಗ್ಗಿಸಿ ಬರುವವರಿಗೆ ಕೈ ಕಾಣುವುದಿಲ್ಲ. ಒಮ್ಮೊಮ್ಮೆ ಬೇರೆ ಚಾಲಕರು ಪಾಪವೆನಿಸಿ ಅವರ ಪರವಾಗಿ ಕೂಗುತ್ತಿದ್ದರು, ಅವಸರವಿದ್ದಾಗ ಮರೆಯುತ್ತಿದ್ದರು. ಎಲ್ಲರ ಗಾಡಿ ಹೋದ ಮೇಲೆ ಅವರದು ಹೋಗುತ್ತಿತ್ತು. ನನ್ನ ಅಂಗಡಿಗೆ ಚಹಾಕ್ಕೆ ಬರುವುದನ್ನೂ ಕಡಿಮೆ ಮಾಡಿದರು. ಬಂದರೂ ನಾವಿಬ್ಬರೇ ಇದ್ದರೆ ಮಾತಿಲ್ಲ, ಚಾಚಿ ಮನೆಯಲ್ಲಿರುತ್ತಿದ್ದರು. ನಾನು ಟೈಪು ಮಾಡುತ್ತಿದ್ದೆ, ಅವರು ಲೋಟ ಬರಿದು ಮಾಡಿ ಬೆಂಚಿನ ಮೇಲಿಟ್ಟು ಹೋಗುತ್ತಿದ್ದರು.

ನಾನು ಹೊಸ ಡಿಸ್ಕ್ ಹಾಕಿಸಿಕೊಂಡಿದ್ದೆ. ಮೊಳಕಾಲ್ಮೂರಿನಲ್ಲಿ ಬಂದದ್ದನ್ನು ಫ್ಲಾಪಿಯಲ್ಲಿ ತಂದು ಅದರಲ್ಲಿಟ್ಟೆ. ಅದನ್ನು ಹಾಕಿ ಕೇಳಿದ್ದು ಕಡಿಮೆ. ಒಂದು ವಾರದ ಹೆಸರಿನಿಂದ ಒಬ್ಬ ಮನುಷ್ಯನ ಮಾತನ್ನು ನೆನಪು ಮಾಡಿಕೊಳ್ಳಲು ಆಗುವುದಿಲ್ಲ. ಆ ಫ್ಲಾಪಿಗೂ ಆಮೇಲೆ ಬೂಷ್ಟು ಹಿಡಿಯಿತು.

ಆಪರೇಷನ್ನಾದ ಎರಡನೆಯ ವರ್ಷಕ್ಕೆ ರೋಗ ಮರಳಿತು, ಆ ಸಲ ಚಾಚಾ ಉಳಿಯಲಿಲ್ಲ. ನಾನು ಅವರನ್ನು ಕೊನೆಯದಾಗಿ ನೋಡಿದ್ದು ನಿಲ್ದಾಣದಲ್ಲಿಯೇ. ಮದುವೆ ಕಾಗದದ ಕಟ್ಟನ್ನು ಬಸ್ಸಿಗೆ ಹಾಕಲು ಹೋಗಿದ್ದೆ. ಅವರ ಗಾಡಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಉಳಿದ ಜಾಗ ಖಾಲಿ. ಹೊರಡಿ ಎಂದು ಆಕೆ ಅವಸರಿಸುತ್ತಿದ್ದಳು. ಅವರು ನನ್ನನ್ನು ನೋಡಿ ತುಟಿ ಆಡಿಸಿದರು. ನನಗೆ ಓದಲು ಬರಲಿಲ್ಲ. ಸುಮ್ಮನೆ ತಲೆಯಾಡಿಸಿದೆ. ಏನು ಕೇಳಿದ್ದರೋ, ನಾನು ಯಾವುದಕ್ಕೆ ಹೂಂ ಅಂದೆನೋ ಗೊತ್ತಿಲ್ಲ. ಅವರು ಇನ್ನೊಬ್ಬರಿಗಾಗಿ ಸ್ವಲ್ಪ ಹೊತ್ತು ರಸ್ತೆ ನೋಡಿ, ಯಾರೂ ಬಾರದಿದ್ದಾಗ ಆ ಒಬ್ಬಳನ್ನೇ ಕರೆದುಕೊಂಡು ಹೊರಟುಹೋದರು.